ಸೂಟಿಗೆ ಬಂದ ಜವಾನ ಒಳಗೊಳಗೇ ಕುಸಿಯುತ್ತಿದ್ದರೆ ಮನೆಯವರು ಏನು ಮಾಡಬೇಕು

ಮಗ ಮಿಲ್ಟ್ರಿಯಿಂದ ಸೂಟಿಗೆ ಬಂದರೆ ನಮ್ಮ ಕಡೆ ಮನೆ ತುಂಬ ಮಂದಿ. ಕಾಕಾ ಬರುತ್ತಾರೆ, ಸೋದರಮಾವ ಬರುತ್ತಾರೆ. ಕ್ಯಾಂಟೀನ್ ಬಾಟಲಿ ತಂದಿದ್ದಾನೋ ಇಲ್ಲವೋ ಎಂದು ವಿಚಾರಿಸುವವರು ಎಲ್ಲರಿಗಿಂತ ಮೊದಲು ಬರುತ್ತಾರೆ. "ಬಾರ್ಡರ್‌ದಾಗ ಹೆಂಗದ? ಗುಂಡು ಹಾರಸಿದೇನು?" ಎಂದು ಎಲ್ಲರೂ ಕೇಳುತ್ತಾರೆ. "ರಾತ್ರಿ ನಿದ್ದಿ ಹತ್ತತದೇನಪ್ಪಾ?" ಎಂದು ಕೇಳುವವರು ಸಿಗುವುದು ಕಷ್ಟ.

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಸೇನೆ, ಬಿಎಸ್‌ಎಫ್, ಸಿಆರ್‌ಪಿಎಫ್ ಸೇರಿ ಕಾಶ್ಮೀರ, ಸಿಯಾಚಿನ್, ಮಣಿಪುರ, ಬಸ್ತರ್ ಕಾಡಿನಂಥ ಜಾಗಗಳಲ್ಲಿ ಇರುವವರ ಮನೆಯವರಿಗಾಗಿ ಇದನ್ನು ಬರೆದಿದ್ದೇನೆ. ಕೇಂದ್ರ ಗೃಹ ಇಲಾಖೆ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ 2018ರಿಂದ 2022ರವರೆಗೆ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ (ಸಿಎಪಿಎಫ್) 654 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು. ಸಿಆರ್‌ಪಿಎಫ್‌ ಒಂದರಲ್ಲೇ 230. ಕಾರಣ ತಿಳಿಯಲು ನೇಮಿಸಿದ ಕಾರ್ಯಪಡೆ ಕಂಡುಕೊಂಡ ಒಂದು ಮಾತು ಪ್ರತಿ ಮನೆಯವರೂ ತಿಳಿಯಬೇಕಾದ್ದು: ಶೇ 80ಕ್ಕೂ ಹೆಚ್ಚು ಸಾವುಗಳು ರಜೆ ಮುಗಿಸಿ ಡ್ಯೂಟಿಗೆ ಮರಳಿದ ಮೇಲೆ ಆಗಿವೆ. ಗಂಡ ಹೆಂಡತಿ ವಿರಸ, ಮನೆಯಲ್ಲಾದ ಸಾವು, ಸಾಲ, ಮಕ್ಕಳ ಓದಿನ ಚಿಂತೆ ಇವೆಲ್ಲ ಕಾರಣಗಳ ಪಟ್ಟಿಯಲ್ಲಿವೆ. ಹಾಗಂತ ಮನೆಯವರೇ ತಪ್ಪಿತಸ್ಥರು ಎಂದು ಹೇಳುತ್ತಿಲ್ಲ. ಬಂಕರಿನಲ್ಲಿ ಕಂಡದ್ದು, ನಿದ್ದೆಗೆಟ್ಟ ರಾತ್ರಿಗಳು, ಕಣ್ಣೆದುರೇ ಸತ್ತ ಗೆಳೆಯ ಇವೆಲ್ಲ ಅವನೊಳಗೆ ಮೊದಲೇ ಇರುತ್ತವೆ. ಆದರೆ ಅದನ್ನು ಹತ್ತಿರದಿಂದ ನೋಡಿ ಹಿಡಿಯಲು ಸಿಗುವ ಅವಕಾಶ ಈ ಸೂಟಿಯ ದಿನಗಳೇ. ಸೇನೆಯ ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುವಲ್ ರಜೆ. ಅಗ್ನಿವೀರನಿಗೆ ವರ್ಷಕ್ಕೆ ಬರೀ 30 ದಿನ. ನಾಲ್ಕು ವರ್ಷದ ಮೇಲೆ ಮುಂದೇನು ಎಂಬ ಚಿಂತೆ ಅವನಿಗೆ ಬೇರೆ.

ಮೊದಲ ವಾರ: ಸುಮ್ಮನೆ ನೋಡಿ

ಬಂದ ಎರಡು ಮೂರು ದಿನ ಹೊತ್ತುಗೊತ್ತಿಲ್ಲದೆ ಮಲಗುವುದು ದಣಿವು. ರಾತ್ರಿ ಎದ್ದು ಬಾಗಿಲ ಚಿಲಕ ನೋಡುವುದು, ಹೋಟೆಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಬಾಗಿಲ ಕಡೆ ಮುಖ ಮಾಡಿ ಕೂರುವುದು ಕೆಲಸದ ರೂಢಿ. ವರ್ದಿ ಹಾಕಿದ ನಮಗೆಲ್ಲ ಇದು ಇದ್ದದ್ದೇ, ಇದಕ್ಕೆ ಯಾರೂ ಗಾಬರಿಯಾಗಬೇಕಿಲ್ಲ.

ವಾರ ಕಳೆದರೂ ಇಳಿಯದ ಲಕ್ಷಣಗಳ ಮೇಲೆ ಕಣ್ಣಿಡಿ. ನಿದ್ದೆಯಲ್ಲಿ ಬೆವರಿ ಚೀರಿ ಏಳುವುದು. ಮದುವೆಯ ಮೆರವಣಿಗೆಯಲ್ಲಿ ಪಟಾಕಿ ಸರ ಹಚ್ಚಿದರೆ ಮುಖ ಬಿಳುಚಿ ಅಲ್ಲಿಂದ ಎದ್ದುಹೋಗುವುದು. ಟಿವಿಯಲ್ಲಿ ಗಡಿ ಸುದ್ದಿ ಬಂದರೆ ಚಾನೆಲ್ ಬದಲಿಸುವುದು, ಸತ್ತ ಗೆಳೆಯನ ಹೆಸರು ಬಂದರೆ ಮಾತು ನಿಲ್ಲಿಸುವುದು. ತಾನು ಹುಟ್ಟಿದ ಮೇಲೆ ಮೊದಲ ಸಲ ಅಪ್ಪನನ್ನು ಕಂಡ ಕೂಸನ್ನೂ ಎತ್ತಿಕೊಳ್ಳಲು ಮನಸ್ಸಾಗದಿರುವುದು. ಸಣ್ಣ ಮಾತಿಗೆ ತಾಟು ಎಸೆಯುವಷ್ಟು ಸಿಟ್ಟು. ಇಂಥವು ತಿಂಗಳು ಮೀರಿ ನಿಂತರೆ ವೈದ್ಯರು ಅದನ್ನು ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ ಎಂದು ಪರೀಕ್ಷಿಸುತ್ತಾರೆ. ಖಿನ್ನತೆಯೂ ಜೊತೆಗೆ ಇರಬಹುದು. ಹೆಸರು ಇಡುವುದು ವೈದ್ಯರ ಕೆಲಸ; ನೀವು ಎಷ್ಟು ದಿನದಿಂದ, ಏನೇನು, ಯಾವ ಹೊತ್ತಿನಲ್ಲಿ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆಸ್ಪತ್ರೆಯಲ್ಲಿ ಅದು ತುಂಬ ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ಡಾಕ್ಟರ ಮುಂದೆ ಕೂತಾಗ ಅವನು "ಏನಿಲ್ರಿ, ಆರಾಮ ಇದ್ದೀನಿ" ಎಂದೇ ಹೇಳುತ್ತಾನೆ.

ಕುಡಿತದ ವಿಷಯ ಬೇರೆಯಾಗಿಯೇ ಹೇಳಬೇಕು. ನಿದ್ದೆಗಾಗಿ ಒಬ್ಬನೇ ಕೂತು ಕುಡಿಯಲು ಶುರುಮಾಡಿದ್ದಾನೆ ಎಂದರೆ ಅದು ಮೋಜಲ್ಲ, ಮದ್ದೆಂದು ಕುಡಿಯುತ್ತಿದ್ದಾನೆ. ಹೆಂಡ ಖಿನ್ನತೆಯನ್ನು ಹೆಚ್ಚಿಸುತ್ತದೆ, ದುಡುಕುವಂತೆ ಮಾಡುತ್ತದೆ. ಬಾಟಲಿಗೆ ಬರುವ ನೆಂಟರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಿ. ಬೇಜಾರಾದರೆ ಆಗಲಿ.

ಇನ್ನು ಕೆಲವು ಲಕ್ಷಣ ಕಂಡರೆ ವಾರ ಕಾಯಬೇಡಿ. "ನಾ ಇರ್ಲಿಲ್ಲಂದ್ರೂ ನೀವು ನಡಿಸ್ಕೊಂಡು ಹೋಗ್ರಿ" ಎಂಬಂಥ ಮಾತು. ಕಾರಣವಿಲ್ಲದೆ ಬ್ಯಾಂಕ್ ನಾಮಿನಿ, ಹೊಲದ ಪಹಣಿ, ವಿಮೆ ಕಾಗದ ಎಲ್ಲ ತೆಗೆದು ಹೆಂಡತಿಗೆ ತಿಳಿಸಿ ಹೇಳುವುದು. ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು. ಹಳೆಯ ಗೆಳೆಯರಿಗೆಲ್ಲ ಫೋನ್ ಮಾಡಿ ಕ್ಷಮೆ ಕೇಳುವುದು. ಬಹಳ ದಿನ ಮಂಕಾಗಿದ್ದವನು ಏಕಾಏಕಿ ಹಗುರಾಗಿ, ಶಾಂತವಾಗಿ ಕಾಣುವುದು. ಈ ಕೊನೆಯದನ್ನು ಕಂಡು ಮನೆಯವರು "ಪಾರಾದ" ಎಂದು ಉಸಿರು ಬಿಡುತ್ತಾರೆ. ಅಂದೇ ಕೂತು ಮಾತಾಡಬೇಕು.

ಕೇಳುವುದು ಹೇಗೆ

ಮನೆಯಲ್ಲಿ ಎಲ್ಲರೂ ಸೇರಿ ವಿಚಾರಣೆ ಮಾಡಬೇಡಿ. ಒಬ್ಬರೇ ಕೇಳಲಿ. ಅಪ್ಪನ ಮುಂದೆ ಗಂಡಸುತನ ಅಡ್ಡ ಬರುತ್ತದೆ, ಹೆಂಡತಿಯ ಮುಂದೆ "ಇಕಿ ಹೆದರ್ತಾಳ" ಎಂಬ ಅಳುಕು ಇರುತ್ತದೆ. ಅಕ್ಕನೋ, ಪಿಯುಸಿಗೆ ಜೊತೆಗೆ ಓದಿದ ಗೆಳೆಯನೋ, ಊರಿನಲ್ಲೇ ಇರುವ ಮಾಜಿ ಸೈನಿಕರೋ ಆದರೆ ಮಾತು ಸಲೀಸು. ಎದುರುಬದುರು ಕೂರಿಸಬೇಡಿ. ತೊಗರಿ ಹೊಲದ ಬದುವಿನ ಮೇಲೆ ನಡೆಯುತ್ತಾ, ಬೈಕಿನ ಮೇಲೆ ಹೋಗುತ್ತಾ ಕೇಳಿದರೆ ಮುಖ ನೋಡುವ ಸಂಕೋಚ ಇರುವುದಿಲ್ಲ.

ಮಾತು ಹೀಗೆ ಸಾಗಬಹುದು:

"ತಮ್ಮಾ, ನೀ ಬಂದಾಗಿಂದ ನೋಡ್ಲಿಕತ್ತೀನಿ. ರಾತ್ರಿ ಮಲಗವಲ್ಲಿ. ಊಟಾನೂ ಅಷ್ಟಕ್ಕಷ್ಟೇ."

"ಏನಿಲ್ಲಕ್ಕಾ. ಅಲ್ಲಿ ಡ್ಯೂಟಿ ಹಂಗೇ ಅದ."

"ಇರ್ಲಿ. ಅಲ್ಲಿದು ಎಲ್ಲಾ ಹೇಳಂತ ಕೇಳಲ್ಲ. ಒಂದೇ ಕೇಳ್ತೀನಿ, ಖರೇ ಹೇಳು. ಸತ್ತುಹೋಗ್ಬೇಕು ಅಂತ ಅನಸ್ತದೇನು?"

ಇಲ್ಲಿ ಸುಮ್ಮನಾಗಬೇಕು. ಅವನು ಎಷ್ಟು ಹೊತ್ತು ಸುಮ್ಮನಿದ್ದರೂ ನಡುವೆ ಬಾಯಿ ಹಾಕಬಾರದು.

"...ಒಮ್ಮೊಮ್ಮೆ ಅನಸ್ತದ."

"ಹೇಳಿದ್ದು ಛಲೋ ಆತು. ಹೆಂಗ, ಯಾವಾಗ ಅಂತ ಯೋಚನಿ ಮಾಡಿದ್ದೇನು?"

ಸಾವಿನ ಮಾತೆತ್ತಿದರೆ ಇಲ್ಲದ ವಿಚಾರ ತಲೆಗೆ ಹೊಕ್ಕೀತು ಎಂಬ ಭಯ ಎಲ್ಲರಿಗೂ ಇದೆ. ಅದು ಸುಳ್ಳು ಭಯ. ನೇರವಾಗಿ ಕೇಳಿದರೆ ಆತ್ಮಹತ್ಯೆಯ ಯೋಚನೆ ಹುಟ್ಟುವುದಿಲ್ಲ. ಒಳಗೇ ಹಿಡಿದಿಟ್ಟವನಿಗೆ ಹೇಳಿಕೊಳ್ಳಲು ದಾರಿ ಸಿಗುತ್ತದೆ. ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಹೇಗೆ, ಯಾವಾಗ ಎಂದು ಯೋಚಿಸಿಟ್ಟಿದ್ದರೆ ಅಪಾಯ ದೊಡ್ಡದು, ಅಂದೇ ಆಸ್ಪತ್ರೆಗೆ ಹೋಗಬೇಕು.

"ಶೂರರು ಹಿಂಗ ಮಾತಾಡ್ತಾರೇನು", "ನಿನಗೇನು ಕಮ್ಮಿಯಾಗ್ಯಾದ, ಪಗಾರ ಬರ್ತದ", "ಹೆಂಡ್ತಿ ಮಕ್ಕಳ ಮುಖ ನೋಡು" ಎಂಬ ಮಾತು ಬೇಡ. ಮೊದಲೇ ತಾನು ಎಲ್ಲರಿಗೂ ಭಾರ ಎಂದುಕೊಂಡವನಿಗೆ ಹೆಂಡತಿ ಮಕ್ಕಳ ಹೆಸರು ಮತ್ತೊಂದು ಭಾರ. ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಳ್ಳಲು ನೋಡುತ್ತಾನೆ. "ಊರಿಗೆಲ್ಲ ಹೇಳಲ್ಲ, ಆದರ ಡಾಕ್ಟರಿಗೆ ಹೇಳ್ತೀನಿ" ಎನ್ನಿ.

ಅಪಾಯ ಕಂಡ ರಾತ್ರಿ

ಒಬ್ಬನನ್ನೇ ಬಿಡಬೇಡಿ. ಮನೆಯ ಅಂಗಳದಲ್ಲೋ ಕೋಣೆಯಲ್ಲೋ ಪಕ್ಕದಲ್ಲಿ ಒಬ್ಬರು ಮಲಗಲಿ, ಪಾಳಿ ಹಾಕಿಕೊಳ್ಳಿ. ತೊಗರಿಗೆ, ಹತ್ತಿಗೆ ಹೊಡೆಯುವ ಎಣ್ಣೆ (ಕೀಟನಾಶಕ) ಮನೆಯಲ್ಲಿದ್ದರೆ ಅವನಿಗೆ ಗೊತ್ತಾಗದಂತೆ ಬೇರೊಬ್ಬರ ಮನೆಗೆ ಸಾಗಿಸಿ. ನಮ್ಮ ಕಡೆ ಅದನ್ನು ಹಿತ್ತಲಲ್ಲೋ ಅಟ್ಟದ ಮೇಲೋ ಇಡುವುದು ರೂಢಿಯಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಲೈಸೆನ್ಸ್ ಬಂದೂಕು ಇರುವ ಮನೆಯಾದರೆ ಪೊಲೀಸ್ ಠಾಣೆಯಲ್ಲಿ ವಿಚಾರಿಸಿ ಠೇವಣಿ ಇಡಿ. ನಿದ್ದೆ ಮಾತ್ರೆ, ಅಜ್ಜನ ಬಿಪಿ ಮಾತ್ರೆಗಳನ್ನೂ ಬೀಗದೊಳಗೆ ಹಾಕಿ. ಸಾಯಬೇಕೆಂಬ ಆವೇಗ ಬಹಳ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತವೆ.

14416ಕ್ಕೆ ಫೋನ್ ಮಾಡಿ. ಇದು ಟೆಲಿ ಮನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ಇಡೀ ದಿನ, ಇಡೀ ರಾತ್ರಿ, ಪುಕ್ಕಟೆ, ಕನ್ನಡದಲ್ಲಿ. ಇನ್ನೊಂದು ಸಂಖ್ಯೆ 1800-891-4416. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಸೈನಿಕರು ಮತ್ತು ಅವರ ಕುಟುಂಬದವರಿಗಾಗಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ 2023ರ ಡಿಸೆಂಬರ್‌ನಲ್ಲಿ ಪ್ರತ್ಯೇಕ ಟೆಲಿ ಮನಸ್ ಘಟಕ ಶುರುವಾಗಿದೆ. ಫೋನ್ ಅವನೇ ಮಾಡಬೇಕೆಂದಿಲ್ಲ. ಮನೆಯವರು ಮಾಡಿ "ಹಿಂಗ್ ಹಿಂಗದ, ನಾವೇನ್ ಮಾಡ್ಬೇಕು" ಎಂದು ಕೇಳಬಹುದು.

ಏನಾದರೂ ಮಾಡಿಕೊಂಡುಬಿಟ್ಟಿದ್ದರೆ 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವುದು ತಡವಾಗುವಂತಿದ್ದರೆ ಸಿಕ್ಕ ಗಾಡಿಯಲ್ಲಿ ಹೊರಡಿ. ಕಲಬುರಗಿಯಲ್ಲಿ ಜಿಮ್ಸ್, ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್, ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳು. ಅಷ್ಟು ದೂರ ಆದರೆ ಹತ್ತಿರದ ತಾಲೂಕು ಆಸ್ಪತ್ರೆ ಮೊದಲು. ಆಸ್ಪತ್ರೆಯವರು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಎಂದು ಬರೆದುಕೊಳ್ಳುತ್ತಾರೆ, ಪೊಲೀಸರು ಬಂದು ಕೇಳಬಹುದು. ಅದಕ್ಕೆ ಹೆದರಿ ಬೇರೆ ಕಥೆ ಕಟ್ಟಬೇಡಿ, ಚಿಕಿತ್ಸೆ ತಪ್ಪಿಹೋದೀತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ತಿಳಿಯಬೇಕು. ಬೇರೆ ರೀತಿ ಎಂದು ಸಾಬೀತಾಗದ ಹೊರತು ಶಿಕ್ಷಿಸುವಂತಿಲ್ಲ. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ.

ಡಾಕ್ಟರ ಬಳಿ

ಅಷ್ಟು ತುರ್ತು ಇಲ್ಲದಿದ್ದರೆ ಎರಡು ದಾರಿ. ಊರಿನಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇದೆ, ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಎಂಬ ಹೆಸರಿನ ಮಂಗಳವಾರದ ಕ್ಲಿನಿಕ್ ಯೋಜನೆ ಇದೆ. ಹೊರಡುವ ಮೊದಲು ಈ ವಾರ ಡಾಕ್ಟರ್ ಬರುತ್ತಾರಾ ಎಂದು ಆಶಾ ಕಾರ್ಯಕರ್ತೆಯ ಮೂಲಕ ಕೇಳಿಸಿದರೆ ಬಸ್ ಚಾರ್ಜು ಉಳಿಯುತ್ತದೆ. ಇನ್ನೊಂದು, ಸೇನೆಯ ಜವಾನನಾದರೆ ಮಿಲಿಟರಿ ಆಸ್ಪತ್ರೆ. ನಮ್ಮ ಕಡೆಯವರಿಗೆ ಸಿಕಂದರಾಬಾದ್ ಅನುಕೂಲ. ಐಡಿ ಕಾರ್ಡ್ ಮತ್ತು ಲೀವ್ ಸರ್ಟಿಫಿಕೇಟ್ ಕೈಯಲ್ಲಿರಲಿ. ಸಿಆರ್‌ಪಿಎಫ್, ಬಿಎಸ್‌ಎಫ್‌ನವರಿಗೆ ಚಿಕಿತ್ಸೆಗೆಂದು ಆಯುಷ್ಮಾನ್ ಸಿಎಪಿಎಫ್ ಕಾರ್ಡ್ ಇರುತ್ತದೆ. ಸೇನೆಯಿಂದ ನಿವೃತ್ತರಾದವರು ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್ ಮೂಲಕ ಹೋಗಬೇಕು. ಯಾವ ಪಾಲಿಕ್ಲಿನಿಕ್ ಹತ್ತಿರ ಎಂಬುದನ್ನು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಹೇಳುತ್ತಾರೆ.

ಮಾತ್ರೆಯ ಬಗ್ಗೆ ನಾಲ್ಕು ಮಾತು. ಪಿಟಿಎಸ್‌ಡಿಗೂ ಖಿನ್ನತೆಗೂ ಸರ್ಟ್ರಾಲಿನ್‌ನಂಥ ಮಾತ್ರೆಗಳನ್ನು ಬರೆಯುತ್ತಾರೆ. ಅವು ಚಟ ಹಿಡಿಸುವುದಿಲ್ಲ. ಆದರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಬಹುದು. "ಎಂಟು ದಿನ ತಗೊಂಡೆ, ಏನೂ ಆಗ್ಲಿಲ್ಲ" ಎಂದು ಬಿಡುವವರೇ ಹೆಚ್ಚು. ಇಪ್ಪತ್ತೈದರೊಳಗಿನ ಹುಡುಗರಲ್ಲಿ ಶುರುವಿನ ವಾರಗಳಲ್ಲಿ ಚಡಪಡಿಕೆ ಹೆಚ್ಚಾದರೆ ತಡಮಾಡದೆ ಡಾಕ್ಟರಿಗೆ ತಿಳಿಸಬೇಕು. ಹಾಗೇ ಒಮ್ಮೆಲೇ ನಿಲ್ಲಿಸಲೂಬಾರದು. ಚಟ ಹಿಡಿಸುವುದು ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಡುವ ನಿದ್ದೆ ಮಾತ್ರೆ. ಅದನ್ನು ತರಿಸಬೇಡಿ, ಅದರಲ್ಲೂ ಕುಡಿತದ ಜೊತೆ ಬಲು ಅಪಾಯ. ಮಾತ್ರೆಯಷ್ಟೇ ಮುಖ್ಯ ಮಾತಿನ ಚಿಕಿತ್ಸೆ. ಕಂಡದ್ದನ್ನು ನುರಿತವರ ಎದುರು ಸ್ವಲ್ಪಸ್ವಲ್ಪವೇ ಹೇಳಿಕೊಂಡು ಅದರ ಹಿಡಿತ ಸಡಿಲಿಸುವ ಕ್ರಮ ಅದು. ಮನೆಯಲ್ಲಿ ಒತ್ತಾಯಿಸಿ ಕಥೆ ಹೇಳಿಸುವುದು ಚಿಕಿತ್ಸೆಯಲ್ಲ.

ಗಾಣಗಾಪುರಕ್ಕೆ ಕರೆದೊಯ್ಯಿರಿ, ಬಂದೇನವಾಜ್ ದರ್ಗಾಕ್ಕೆ ಹೋಗಿ, ಶರಣಬಸವೇಶ್ವರರಿಗೆ ಹರಕೆ ಹೊರಿ ಎಂದು ಹೇಳುವವರು ಬರುತ್ತಾರೆ. ಅವನಿಗೆ ಸಮಾಧಾನ ಸಿಗುವುದಾದರೆ ಹೋಗಿಬನ್ನಿ, ನನ್ನ ತಕರಾರಿಲ್ಲ. ದೆವ್ವ ಮೆಟ್ಟಿಕೊಂಡಿದೆ ಎಂದು ಹೊಡೆಸುವುದು, ಕಟ್ಟಿಹಾಕುವುದು, ಮಾತ್ರೆ ನಿಲ್ಲಿಸುವುದು ಕೂಡದು.

ಯೂನಿಟ್‌ಗೆ ತಿಳಿಸುವ ಹೆದರಿಕೆ

"ಗೊತ್ತಾದರ ಕೆಟಗರಿ ಇಳಿಸ್ತಾರ, ಪ್ರಮೋಷನ್ ಹೋಗ್ತದ" ಎಂದು ಎಷ್ಟೋ ಮಂದಿ ಖಾಸಗಿ ಡಾಕ್ಟರ ಬಳಿ ಕದ್ದು ತೋರಿಸಿ ಮರಳುತ್ತಾರೆ. ಭಯ ಸುಳ್ಳಲ್ಲ. ಸೇನೆಯಲ್ಲಿ ಶೇಪ್ (SHAPE) ಎಂಬ ವೈದ್ಯಕೀಯ ವರ್ಗೀಕರಣ ಇದೆ, ಅದರ ಮೊದಲ ಅಕ್ಷರ ಎಸ್ ಮನಸ್ಸಿನದು. ಅಲ್ಲಿ ಇಳಿದರೆ ಕೆಲವು ಕಾಲ ಹತ್ಯಾರ ಕೊಡುವುದಿಲ್ಲ, ಡ್ಯೂಟಿ ಬದಲಾಗುತ್ತದೆ, ಬಡ್ತಿ ಮುಂದೆ ಹೋಗಬಹುದು. ಆದರೆ ಮೊದಲು ಕೊಡುವುದು ಸಾಮಾನ್ಯವಾಗಿ 24 ವಾರಗಳವರೆಗಿನ ತಾತ್ಕಾಲಿಕ ಕೆಟಗರಿ, ಆಮೇಲೆ ಮತ್ತೆ ವೈದ್ಯಕೀಯ ಬೋರ್ಡ್ ಕೂರುತ್ತದೆ. ಸುಧಾರಿಸಿ ಮತ್ತೆ ಮೇಲಿನ ಕೆಟಗರಿಗೆ ಬರಲು ದಾರಿ ಇದೆ. ಮುಚ್ಚಿಟ್ಟು ಹೋದವನ ಕೈಗೆ ಮರುದಿನವೇ ತುಂಬಿದ ರೈಫಲ್ ಬರುತ್ತದೆ, ಒಂಟಿ ಸಂತ್ರಿ (ಕಾವಲು) ಪಾಳಿ ಬರುತ್ತದೆ. ಎರಡನ್ನೂ ತೂಗಿ ನೋಡಿದರೆ ನನಗೆ ಅನುಮಾನವೇ ಇಲ್ಲ: ತಿಳಿಸಬೇಕು.

ಮೊದಲು ಅವನನ್ನೇ ಒಪ್ಪಿಸಿ, ಅವನೇ ಕಂಪನಿ ಕಮಾಂಡರಿಗೋ ಸೀನಿಯರ್ ಜೆಸಿಓ (ಸುಬೇದಾರ್ ದರ್ಜೆಯ) ಸಾಹೇಬರಿಗೋ ಫೋನ್ ಮಾಡಲಿ. ಜೀವಕ್ಕೆ ಅಪಾಯವಿದ್ದು ಅವನು ಒಪ್ಪದಿದ್ದರೆ ಮನೆಯವರೇ ಮಾಡಿ. ಹೆಚ್ಚು ಹಿಂದಿ ಬೇಕಿಲ್ಲ. "ಸಾಬ್, ಉನ್‌ಕಾ ತಬಿಯತ್ ಠೀಕ್ ನಹೀಂ, ಅಸ್ಪತಾಲ್ ಲೇಕೆ ಗಯೇ ಹೈಂ" (ಅವರಿಗೆ ಆರಾಮಿಲ್ಲ, ಆಸ್ಪತ್ರೆಗೆ ಕರೆದೊಯ್ದಿದ್ದೇವೆ) ಎಂದರೆ ಸಾಕು, ಉಳಿದದ್ದನ್ನು ಅವರು ಕೇಳುತ್ತಾರೆ. ರಜೆ ಮುಗಿಯುವ ಮುಂಚೆ ತಿಳಿಸುವುದು ಬಹಳ ಮುಖ್ಯ. ಹೇಳದೆ ರಜೆ ಮೀರಿದರೆ ಗೈರುಹಾಜರಿ ಎಂದಾಗುತ್ತದೆ. 30 ದಿನ ದಾಟಿದರೆ ಸೇನಾ ಕಾಯ್ದೆಯಡಿ ವಿಚಾರಣಾ ಕೋರ್ಟ್ ಕೂರುತ್ತದೆ. ಕಾಯಿಲೆಗೆ ರಜೆ ಸಿಗುತ್ತಿದ್ದವನು ದಾಖಲೆಯಲ್ಲಿ ಓಡಿಹೋದವನಾಗುತ್ತಾನೆ. ಆಸ್ಪತ್ರೆಯ ಚೀಟಿ, ದಾಖಲಾತಿ ಕಾಗದ, ಡಿಸ್ಚಾರ್ಜ್ ಸಮರಿ ಎಲ್ಲದರ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿ, ಜೊತೆಗೆ ಸ್ಪೀಡ್ ಪೋಸ್ಟ್ ಕೂಡ ಮಾಡಿ. ರಶೀದಿ ಕಳೆಯಬೇಡಿ. ಮುಂದೆ ಪಿಂಚಣಿಯ ಪ್ರಶ್ನೆ ಬಂದರೂ ಇದೇ ಕಾಗದಗಳು ಮಾತಾಡುತ್ತವೆ.

ಮನೆಯ ತಕರಾರು

ಸೂಟಿಯ ಕೊನೆಯ ಎರಡು ದಿನ ಎಷ್ಟೋ ಮನೆಗಳಲ್ಲಿ ಪಂಚಾಯ್ತಿಯೇ. ಅಣ್ಣತಮ್ಮಂದಿರ ಹೊಲದ ಹದ್ದು, ಅತ್ತೆ ಸೊಸೆಯ ಜಗಳ, ತಂಗಿ ಮದುವೆಗೆ ಎತ್ತಿದ ಸಾಲ, ಎಲ್ಲ ಅವನು ಬ್ಯಾಗ್ ಕಟ್ಟುವಾಗಲೇ ಎದ್ದು ಬರುತ್ತವೆ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದಿಲ್ಲಿವರೆಗೂ ಅದನ್ನೇ ಮೆಲುಕು ಹಾಕುತ್ತಾನೆ. ಅಲ್ಲಿಂದ ಮುಂದೆ ಪೋಸ್ಟಿಗೆ ಹೋದ ಮೇಲೆ ಕೈಲಾಗುವುದು ಏನೂ ಇಲ್ಲ.

ಆದ್ದರಿಂದ ಮಾತಾಡಬೇಕಾದ್ದನ್ನು ಸೂಟಿಯ ನಡುವೆ ಮಾತಾಡಿ, ಹೊರಡುವ ವಾರ ಹೊಸ ತಕರಾರು ತೆಗೆಯಬೇಡಿ. ಹೊಲದ ವ್ಯಾಜ್ಯವಿದ್ದರೆ ಅವನು ತನ್ನ ಕಮಾಂಡಿಂಗ್ ಆಫೀಸರಿಗೆ ಅರ್ಜಿ ಕೊಡಲಿ. ಅವರು ಜಿಲ್ಲಾಧಿಕಾರಿಗೋ ಎಸ್‌ಪಿಗೋ ಪತ್ರ ಬರೆಯುವ ಪದ್ಧತಿ ಇದೆ, ನಮ್ಮ ಕಚೇರಿಗಳಲ್ಲಿ ಆ ಪತ್ರಕ್ಕೆ ಬೆಲೆಯೂ ಇದೆ. ಕೋರ್ಟಿನಲ್ಲಿ ಕೇಸು ನಡೆದಿದ್ದರೆ 1925ರ ಭಾರತೀಯ ಸೈನಿಕರ ದಾವೆ ಕಾಯ್ದೆ ನೆನಪಿರಲಿ: ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವ ಸೈನಿಕನ ಬೆನ್ನ ಹಿಂದೆ ಏಕಪಕ್ಷೀಯ ತೀರ್ಪು ಆಗದಂತೆ ಅದು ರಕ್ಷಣೆ ಕೊಡುತ್ತದೆ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2025ರ ಜುಲೈ 26ರಂದು ಸೈನಿಕರ ಕುಟುಂಬಗಳಿಗಾಗಿ ವೀರ ಪರಿವಾರ ಸಹಾಯತಾ ಯೋಜನೆ ಶುರುಮಾಡಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅದನ್ನೂ ವಿಚಾರಿಸಿ.

ಫೋನಿನಲ್ಲಿ ಸುದ್ದಿ ಹೇಳುವುದಕ್ಕೂ ಒಂದು ಕಟ್ಟುಪಾಡು ಬೇಕು. ಅತ್ತೆ ಒಂದು ಹೇಳಿ, ಸೊಸೆ ಇನ್ನೊಂದು ಹೇಳಿ, ನಡುವೆ ಅವನು ಎರಡು ಸಾವಿರ ಕಿಲೋಮೀಟರ್ ಆಚೆ ನ್ಯಾಯ ಹೇಳುವುದು ಯಾರಿಗೂ ಒಳ್ಳೆಯದಲ್ಲ. ಸಿಟ್ಟಿನ ಮಾತು ರಾತ್ರಿ ಪಾಳಿಗೆ ಹೋಗುವ ಮುಂಚೆ ಬೇಡವೇ ಬೇಡ. ಸಾವಿನ ಸುದ್ದಿಯಾದರೆ ಅವನಿಗೆ ನೇರವಾಗಿ ಹೇಳುವ ಮುಂಚೆ ಸಾಹೇಬರಿಗೆ ಹೇಳಿದರೆ ಪಕ್ಕದಲ್ಲಿ ಒಬ್ಬರನ್ನು ಕೂರಿಸಿ ತಿಳಿಸುತ್ತಾರೆ, ರಜೆಯೂ ಬೇಗ ಸಿಗುತ್ತದೆ.

ಹೊರಡುವಾಗ ಮತ್ತು ಹೋದ ಮೇಲೆ

ಚಿಕಿತ್ಸೆಯಲ್ಲಿದ್ದವನು ಹೊರಟರೆ ಮಾತ್ರೆಯ ಜೊತೆ ಚೀಟಿಯ ಎರಡು ಪ್ರತಿ ಹಾಕಿಕೊಡಿ, ಒಂದು ಯೂನಿಟ್ ಡಾಕ್ಟರಿಗೆ. ಜೋಡಿ ಡ್ಯೂಟಿ ಮಾಡುವ ಗೆಳೆಯನ ನಂಬರ್ ಬರೆದಿಟ್ಟುಕೊಳ್ಳಿ, ಅವನಿಗೂ ನಿಮ್ಮ ನಂಬರ್ ಇರಲಿ. ಪೋಸ್ಟಿನಲ್ಲಿ ನೆಟ್‌ವರ್ಕ್ ಇರುವುದಿಲ್ಲ, ನಾಲ್ಕು ದಿನ ಫೋನ್ ಬಾರದಿದ್ದರೆ ಗಾಬರಿ ಬೇಡ. ಎಷ್ಟು ದಿನಕ್ಕೊಮ್ಮೆ ಸಿಗುತ್ತದೆ ಎಂದು ಮೊದಲೇ ಕೇಳಿಕೊಳ್ಳಿ. ಸೇರಿದ ಮೊದಲ ಎರಡು ಮೂರು ವಾರ ಮಾತ್ರ ಆ ಗೆಳೆಯನಿಗೆ ನೀವಾಗಿಯೇ ಫೋನ್ ಮಾಡಿ "ಖಾನಾ ಖಾತೇ ಹೈಂ? ಸೋತೇ ಹೈಂ?" (ಊಟ ಮಾಡ್ತಾರಾ? ಮಲಗ್ತಾರಾ?) ಎಂದು ಕೇಳಿ.

ಹೆಂಡತಿಯ ನಿದ್ದೆಯನ್ನೂ ಯಾರಾದರೂ ಕೇಳಬೇಕು. ಗಂಡ ರಾತ್ರಿ ಚೀರಿ ಏಳುವುದನ್ನು ಕಂಡವಳು, ಅವನು ಹೋದ ಮೇಲೆ ಫೋನ್ ಹಿಡಿದು ಕೂರುವವಳು ಅವಳೇ. 14416 ಅವಳಿಗೂ ಇದೆ. ತಾಲೂಕು ಆಸ್ಪತ್ರೆಗೆ ಅವಳನ್ನು ಒಬ್ಬಳೇ ಕಳಿಸದೆ ಅತ್ತೆಯೋ ನಾದಿನಿಯೋ ಜೊತೆಗೆ ಹೋಗಿ, ಚೀಟಿ ಮಾಡಿಸಿ.